ಕೇಳದೆಯೇ ಕೈಸೇರಬೇಕಾದ ಕಾಗದ

ಹಿಂದೂ ವಿವಾಹ ಅಧಿನಿಯಮದ 23ನೆಯ ಕಲಮಿನ ತುದಿಯಲ್ಲಿ, 1976ರ ತಿದ್ದುಪಡಿಯ ಮೂಲಕ ಬಂದು ಸೇರಿದ ಒಂದು ಪುಟ್ಟ ಉಪಕಲಮುಂಟು. ವಿವಾಹವು ಡಿಕ್ರಿಯಿಂದ ವಿಚ್ಛಿನ್ನವಾದ ಪ್ರತಿಯೊಂದು ಸಂದರ್ಭದಲ್ಲಿಯೂ, ಆ ಡಿಕ್ರಿಯನ್ನಿತ್ತ ನ್ಯಾಯಾಲಯವೇ ಅದರ ನಕಲನ್ನು ಉಭಯ ಪಕ್ಷಗಳಿಗೂ ಶುಲ್ಕವಿಲ್ಲದೆ ಕೊಡತಕ್ಕದ್ದೆಂದು ಅದು ವಿಧಿಸುತ್ತದೆ. ಕೇಳಿದವರಿಗೆ ಮಾತ್ರ ಎಂಬ ಷರತ್ತು ಅದರಲ್ಲಿಲ್ಲ. ವರ್ಷಗಟ್ಟಲೆ ವಾಯಿದೆಯಿಂದ ವಾಯಿದೆಗೆ ಅಲೆದು ಬಳಲಿದ ಇಬ್ಬರು ಮನುಷ್ಯರು ತೀರ್ಪಾದ ದಿನವೂ ಬರಿಗೈಯಲ್ಲಿ ಮನೆಗೆ ಹೋಗಬಾರದೆಂಬ ಅನುಕಂಪೆಯೇ ಈ ವಿಧಿಯ ಮೂಲವಾಗಿರಬೇಕೆಂದು ನಾನು ಭಾವಿಸುತ್ತೇನೆ. ಆದರೆ ಶಾಸನವು ತೋರಿದ ಈ ದಾಕ್ಷಿಣ್ಯವು ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಡೆಯ ಸಾಮಾನ್ಯ ಜನರ ಅರಿವಿಗೆ ಬಂದಂತೆ ಕಾಣುವುದಿಲ್ಲ. ಬಿಡುಗಡೆಯಾಗಿ ಹತ್ತು ವರ್ಷವಾದ ಹೆಂಗಸನ್ನು ಡಿಕ್ರಿಯೆಲ್ಲಿ ಎಂದು ಕೇಳಿದರೆ, “ಅದು ವಕೀಲರ ಹತ್ರ ಐತ್ರಿ” ಎಂಬ ಉತ್ತರ ಬರುವುದೇ ಹೆಚ್ಚು. ಆ ವಕೀಲರು ವೃತ್ತಿಯನ್ನು ಬಿಟ್ಟಿರಬಹುದು, ಊರನ್ನು ಬಿಟ್ಟಿರಬಹುದು, ಲೋಕವನ್ನೇ ಬಿಟ್ಟಿರಲೂಬಹುದು.

ಕಾಗದವಿಲ್ಲದೆ ನಡೆಯುವಷ್ಟು ಕಾಲ ಬದುಕು ನಡೆದೇ ಹೋಗುತ್ತದೆ. ಒಂದು ದಿನ ಪಡಿತರ ಚೀಟಿಯಿಂದ ಗಂಡನ ಹೆಸರನ್ನು ತೆಗೆಸಿ ತನ್ನ ಹೆಸರಿನಲ್ಲಿ ಬೇರೆ ಚೀಟಿಯನ್ನು ಮಾಡಿಸಬೇಕಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಗಬೇಕಾಗುತ್ತದೆ. ಮರುಮದುವೆಯನ್ನು ನೋಂದಾಯಿಸಲು ಉಪನೋಂದಣಾಧಿಕಾರಿಗಳ ಕಚೇರಿಗೆ ಹೋದಾಗ ಹಿಂದಿನ ಮದುವೆ ಹೇಗೆ ಮುಗಿಯಿತೆಂಬ ಪ್ರಶ್ನೆ ಎದುರಾಗುತ್ತದೆ. ನಲವತ್ತು ದಾಟಿದ ಅವಿವಾಹಿತ ಮತ್ತು ವಿಚ್ಛೇದಿತ ಬಡ ಮಹಿಳೆಯರಿಗಾಗಿ ರಾಜ್ಯ ಸರ್ಕಾರವು 2013ರಲ್ಲಿ ಮನಸ್ವಿನಿ ಎಂಬ ಮಾಸಾಶನವನ್ನು ತಂದಿತು. ತಾನು ವಿಚ್ಛೇದಿತೆಯೆಂದು ಬಾಯಿಂದ ಹೇಳುವುದಕ್ಕಿಂತ ಕಾಗದದಿಂದ ತೋರಿಸುವುದು ಯಾವ ಕಚೇರಿಯಲ್ಲಾದರೂ ಸುಲಭವಷ್ಟೆ. ಇನ್ನು ಹೊಸಪೇಟೆಯಂಥ ರೈಲ್ವೆ ಊರಿನಲ್ಲಿ ನೆನೆಯಲೇಬೇಕಾದ ಸಂಗತಿ ಕುಟುಂಬ ಪಿಂಚಣಿಯದು. ಕೇಂದ್ರ ಸರ್ಕಾರದ ನೌಕರನಾಗಿದ್ದ ತಂದೆಯ ಪಿಂಚಣಿಯು ವಿಚ್ಛೇದಿತ ಮಗಳಿಗೆ ಸಲ್ಲಬೇಕಾದರೆ, ತಂದೆ ಅಥವಾ ತಾಯಿ ಜೀವಿಸಿರುವಾಗಲೇ ವಿಚ್ಛೇದನದ ಅರ್ಜಿಯು ನ್ಯಾಯಾಲಯಕ್ಕೆ ಬಂದಿದ್ದರೆ ಸಾಕು, ಡಿಕ್ರಿ ಅನಂತರ ಆಗಿದ್ದರೂ ಬಾಧಕವಿಲ್ಲ ಎಂದು 2017ರಲ್ಲಿ ಸ್ಪಷ್ಟಪಡಿಸಲಾಯಿತು. ಹಾಗಾದಾಗ ಅರ್ಜಿ ದಾಖಲಾದ ತಾರೀಖೇ ಆ ಮಗಳ ಮುಂದಿನ ಅನ್ನವನ್ನು ನಿರ್ಣಯಿಸುತ್ತದೆ. ಆ ತಾರೀಖು ಇರುವುದು ತೀರ್ಪಿನ ಮೊದಲ ಪುಟದಲ್ಲಿ.

ಆದಕಾರಣ ಏನನ್ನು ಕೇಳಬೇಕೆಂಬುದನ್ನು ಮೊದಲು ತಿಳಿದಿರಬೇಕು. ತೀರ್ಪು ಬೇರೆ, ಡಿಕ್ರಿ ಬೇರೆ, ಆದೇಶಗಳ ಹಾಳೆ ಬೇರೆ. ಯಾರು ಏನು ವಾದಿಸಿದರು, ನ್ಯಾಯಾಧೀಶರು ಏಕೆ ಒಪ್ಪಿದರು ಅಥವಾ ಒಪ್ಪಲಿಲ್ಲ ಎಂಬುದೆಲ್ಲ ತೀರ್ಪಿನಲ್ಲಿರುತ್ತದೆ. ಇಂಥ ದಿನ ನಡೆದ ವಿವಾಹವು ವಿಚ್ಛಿನ್ನವಾಯಿತೆಂಬ ಫಲಿತಾಂಶ ಮಾತ್ರವೇ ಡಿಕ್ರಿಯಲ್ಲಿರುತ್ತದೆ. ದಿನದಿನದ ನಡೆವಳಿ ಆದೇಶಗಳ ಹಾಳೆಯಲ್ಲಿ ಮೂಡುತ್ತದೆ. ಪರಸ್ಪರ ಸಮ್ಮತಿಯಿಂದ, ಅಂದರೆ 1976ರಲ್ಲಿಯೇ ಸೇರಿದ 13-ಬಿ ಕಲಮಿನ ಮೇರೆಗೆ, ಬಿಡುಗಡೆ ಪಡೆದವರು ಒಡವೆ, ಜೀವನಾಂಶ, ಮಕ್ಕಳ ಭೇಟಿಗಳ ಬಗೆಗೆ ಬರೆದುಕೊಟ್ಟ ಕರಾರಿನ ನಕಲನ್ನೂ ತೆಗೆದಿಟ್ಟುಕೊಳ್ಳಬೇಕು. ಏಕೆಂದರೆ ಮುಂದೆ ಕಲಹ ಹುಟ್ಟುವುದಿದ್ದರೆ ಅದು ವಿಚ್ಛೇದನದ ವಿಷಯವಾಗಿ ಹುಟ್ಟುವುದು ಅಪರೂಪ, ಕರಾರಿನ ವಿಷಯವಾಗಿ ಹುಟ್ಟುವುದೇ ಹೆಚ್ಚು. ನ್ಯಾಯಾಲಯವು ಉಚಿತವಾಗಿ ಕೊಡಬೇಕಾದುದು ಡಿಕ್ರಿಯ ಒಂದು ಪ್ರತಿಯನ್ನು. ಉಳಿದುದಕ್ಕೆಲ್ಲ ನಕಲು ಅರ್ಜಿ ಬರೆದು, ಕೋರ್ಟ್ ಫೀ ಸ್ಟಾಂಪು ಹಚ್ಚಿ, ಪುಟದ ಲೆಕ್ಕದಲ್ಲಿ ನಕಲು ಶುಲ್ಕವನ್ನು ಕಟ್ಟಿ, ನಕಲು ವಿಭಾಗದಿಂದ ದೃಢೀಕೃತ ಪ್ರತಿಯನ್ನು ಪಡೆಯಬೇಕು. ಕಕ್ಷಿದಾರರಾದವರು ಇದಕ್ಕಾಗಿ ವಕೀಲರನ್ನು ಗೊತ್ತುಮಾಡಬೇಕಾದ ನಿಯಮವಿಲ್ಲ. ಅರ್ಜಿಯನ್ನು ತಾವೇ ಕೊಡಬಹುದು. ಹೀಗೆ ಬಂದ ನಕಲಿನ ಮೇಲೆ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನಗಳನ್ನು ನಮೂದಿಸಿರುತ್ತಾರೆ. ಮೇಲ್ಮನವಿಯ ಅವಧಿಯನ್ನು ಎಣಿಸುವಾಗ ನಕಲಿಗಾಗಿ ಕಾದ ದಿನಗಳನ್ನು ಬಿಟ್ಟು ಎಣಿಸಬೇಕೆಂಬ ನಿಯಮವಿರುವುದರಿಂದ, ಅಂಚಿನ ಆ ಸಣ್ಣ ಬರಹವನ್ನು ಅಲಕ್ಷಿಸಲಾಗದು.

ಅರ್ಜಿಯಲ್ಲಿ ಮುಖ್ಯವಾಗಿ ಬೇಕಾದುದು ಕೇಸಿನ ನಂಬರು ಮತ್ತು ವರ್ಷ. ವಿವಾಹ ಸಂಬಂಧದ ಕೇಸುಗಳಿಗೆ ಎಂ.ಸಿ. ಎಂಬ ಗುರುತಿನೊಡನೆ ಸಂಖ್ಯೆ ಬಿದ್ದಿರುತ್ತದೆ. ಅದು ಕೈಯಲ್ಲಿದ್ದರೆ ಗುಮಾಸ್ತನು ದಾಖಲೆ ಕೊಠಡಿಯ ಕಡೆಗೆ ಹೊರಡುತ್ತಾನೆ; ಇಲ್ಲದಿದ್ದರೆ ಹಳೆಯ ರಿಜಿಸ್ಟರುಗಳನ್ನು ಪುಟಪುಟವಾಗಿ ತಿರುವಬೇಕಾಗುತ್ತದೆ, ಹಾಗೆ ತಿರುವುವ ತಾಳ್ಮೆಯುಳ್ಳವನು ಸಿಕ್ಕಬೇಕಾಗುತ್ತದೆ. ಈಗ ಇ-ಕೋರ್ಟ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಕೇಸಿಗೂ 16 ಅಕ್ಷರಾಂಕಗಳ ಸಿ.ಎನ್.ಆರ್. ಎಂಬ ಸಂಖ್ಯೆ ದೊರೆಯುತ್ತದಾದುದರಿಂದ ಹೊಸ ಕೇಸುಗಳ ಪತ್ತೆ ಸುಗಮವಾಗಿದೆ. ಹಳೆಯವುಗಳ ಕಥೆ ಬೇರೆ. ಕಕ್ಷಿದಾರರ ಹೆಸರಿನಿಂದ ಹುಡುಕೋಣವೆಂದರೆ, ಬಸಮ್ಮನು ಒಂದೆಡೆ ಬಸವ್ವಳಾಗಿ, ಇನ್ನೊಂದೆಡೆ ಬಸವಮ್ಮಳಾಗಿ, ಮತ್ತೊಂದೆಡೆ ಗಂಡನ ಮನೆಯಲ್ಲಿ ಇಟ್ಟ ಹೆಸರಿನವಳಾಗಿ ಅಲ್ಲಿ ಕುಳಿತಿರುತ್ತಾಳೆ. ಊರುಗಳಾದರೂ ಹಳೆಯ ಹೆಸರಿನಲ್ಲಿಯೇ ನಿಂತಿಲ್ಲ. 2014ರ ನವೆಂಬರ್ 1ರಂದು ಹಾಸ್ಪೆಟ್ ಹೊಸಪೇಟೆಯಾಗಿ, ಬೆಳ್ಳಾರಿ ಬಳ್ಳಾರಿಯಾಗಿ ಇಂಗ್ಲಿಷಿನ ಸರ್ಕಾರಿ ಕಾಗದಗಳಲ್ಲಿ ತಿದ್ದಲ್ಪಟ್ಟವು.

ಹೆಸರಿಗಿಂತ ಹೆಚ್ಚಾಗಿ ಗಡಿಗಳು ಈ ಸೀಮೆಯ ಜನರನ್ನು ದಿಕ್ಕುಗೆಡಿಸಿವೆ. 2021ರಲ್ಲಿ ವಿಜಯನಗರ ಜಿಲ್ಲೆಯು ಉದಯಿಸಿ ಹೊಸಪೇಟೆ ಅದರ ಕೇಂದ್ರವಾದಾಗ, ಹಂಪಿ ಕಮಲಾಪುರಗಳು ಸಹಜವಾಗಿ ಅದರೊಳಗೆ ಬಂದವು. ಆದರೆ ಹಿಂದೆ ಹೊಸಪೇಟೆ ತಾಲ್ಲೂಕಿನ ಅಂಗವೇ ಆಗಿದ್ದು ಅನಂತರ ತಾನೇ ತಾಲ್ಲೂಕಾದ ಕಂಪ್ಲಿಯೂ, ಗುಡ್ಡದ ಆಚೆಗೇ ಇರುವ ಸಂಡೂರೂ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಕಂದಾಯದ ನಕ್ಷೆ ಬದಲಾದ ಮಾತ್ರಕ್ಕೆ ಇತ್ಯರ್ಥವಾದ ಕೇಸಿನ ಕಡತವು ಎದ್ದು ನಡೆದುಹೋಗುವುದಿಲ್ಲ. ಯಾವ ನ್ಯಾಯಾಲಯವು ಅದನ್ನು ತೀರ್ಮಾನಿಸಿತೋ ಅದರ ದಾಖಲೆ ಕೊಠಡಿಯಲ್ಲಿಯೇ ಅದನ್ನು ಮೊದಲು ಕೇಳಬೇಕು. ಕುಟುಂಬ ನ್ಯಾಯಾಲಯವಿರುವ ಊರಿನಲ್ಲಿ ಅಲ್ಲಿಯೂ, ಅದಿಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯದಲ್ಲಿಯೂ ಇಂಥ ಕೇಸುಗಳು ನಡೆಯುವುದರಿಂದ, ಕಂಪ್ಲಿಯವಳೊಬ್ಬಳ ಹಳೆಯ ಡಿಕ್ರಿಯನ್ನು ಹುಡುಕತಕ್ಕವರು ತಾವಿಂದು ಯಾವ ಜಿಲ್ಲೆಯವರೆಂಬುದನ್ನು ಬದಿಗಿಟ್ಟು, ಕೇಸು ನಡೆದ ವರ್ಷದಲ್ಲಿ ವಾಯಿದೆಗೆಂದು ಯಾವ ಊರಿಗೆ ಬಸ್ಸು ಹತ್ತುತ್ತಿದ್ದೆವೆಂಬುದನ್ನು ನೆನಪಿಸಿಕೊಳ್ಳುವುದೇ ಲೇಸು.

ಇನ್ನೂ ಹಿಂದಕ್ಕೆ ಹೋದರೆ ಇತಿಹಾಸವೇ ಅಡ್ಡಬರುತ್ತದೆ. ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿದ್ದ ಸಂಡೂರು ಸಂಸ್ಥಾನವು 1949ರಲ್ಲಿ ಮದ್ರಾಸು ಪ್ರಾಂತದಲ್ಲಿ ವಿಲೀನವಾಯಿತು. ಅದೇ ವರ್ಷ ಮದ್ರಾಸಿನ ಶಾಸನಸಭೆಯು ಹಿಂದೂಗಳಲ್ಲಿ ದ್ವಿಪತ್ನೀತ್ವವನ್ನು ನಿಷೇಧಿಸಿ ವಿಚ್ಛೇದನಕ್ಕೆ ಅವಕಾಶ ಕೊಡುವ ಶಾಸನವನ್ನು ಮಾಡಿತು. ಹೊಸಪೇಟೆಯನ್ನೊಳಗೊಂಡು ಅದುವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. 1955ರಲ್ಲಿ ಇಡೀ ದೇಶಕ್ಕೆ ಹಿಂದೂ ವಿವಾಹ ಅಧಿನಿಯಮವು ಬಂದು ಮದ್ರಾಸಿನ ಆ ಶಾಸನವನ್ನು ರದ್ದುಗೊಳಿಸಿತು. ಅಂದರೆ ಹೊಸಪೇಟೆಯ ಹಿಂದೂ ಸ್ತ್ರೀಗೆ ನ್ಯಾಯಾಲಯದ ಮೂಲಕ ಬಿಡುಗಡೆ ಪಡೆಯುವ ದಾರಿಯು ಹಳೆಯ ಮೈಸೂರಿನ ತನ್ನ ಸೋದರಿಗಿಂತ ಆರು ವರ್ಷ ಮೊದಲೇ ತೆರೆದಿದ್ದಿತು. ಹಿಂದುಳಿದ ಸೀಮೆಯೆಂದು ನಮ್ಮನ್ನು ಕರೆಯುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಒಳ್ಳೆಯದು. 1953ರವರೆಗಿನ ಮೇಲ್ಮನವಿಗಳು ಬೆಂಗಳೂರಿನ ದಾರಿ ಹಿಡಿಯದೆ ಮದ್ರಾಸಿನ ಉಚ್ಚ ನ್ಯಾಯಾಲಯಕ್ಕೆ ಹೋಗತಕ್ಕವಾಗಿದ್ದವು.

ಕೇಸು ಎಲ್ಲಿ ನಡೆದಿರಬಹುದೆಂಬುದನ್ನು ಊಹಿಸಲು 19ನೆಯ ಕಲಮು ನೆರವಾಗುತ್ತದೆ. ಮದುವೆ ನಡೆದ ಸ್ಥಳ, ಎದುರುದಾರರು ವಾಸವಾಗಿರುವ ಸ್ಥಳ, ದಂಪತಿಗಳು ಕಡೆಯದಾಗಿ ಒಟ್ಟಿಗೆ ಬಾಳಿದ ಸ್ಥಳ, ಇವಲ್ಲದೆ 2003ರ ತಿದ್ದುಪಡಿಯ ತರುವಾಯ ಅರ್ಜಿದಾರಳಾದ ಪತ್ನಿಯು ವಾಸವಾಗಿರುವ ಸ್ಥಳ, ಇವುಗಳಲ್ಲಿ ಯಾವುದಾದರೂ ಒಂದರ ನ್ಯಾಯಾಲಯಕ್ಕೆ ಹೋಗಬಹುದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ನಾನಾ ರಾಜ್ಯಗಳಿಂದ ಬಂದು ನೆಲೆಸಿದವರು, ತುಂಗಭದ್ರೆಯ ಕಾಲುವೆ ನೀರನ್ನು ನಂಬಿ ಆಂಧ್ರದಿಂದ ಬಂದು ಕಂಪ್ಲಿಯ ಸುತ್ತಣ ಕ್ಯಾಂಪುಗಳಲ್ಲಿ ಬೇಸಾಯಕ್ಕೆ ನಿಂತವರು, ಸಂಡೂರಿನ ಗಣಿಯ ಭರಾಟೆಯ ಕಾಲದಲ್ಲಿ ಬಂದು ಅದು ಇಳಿದೊಡನೆ ಹೊರಟುಹೋದವರು, ಇವರೆಲ್ಲರ ಸಂಸಾರದ ಕಡತಗಳು ಗುಂಟೂರಿನಲ್ಲಿಯೋ ಕಲಬುರಗಿಯಲ್ಲಿಯೋ ದೂರದ ಬಿಹಾರದಲ್ಲಿಯೋ ಇರುವ ಸಂಭವವುಂಟು. ಪ್ರತಿಯಾಗಿ, ಹಂಪಿಗೆ ಬಂದು ವಿರೂಪಾಕ್ಷನ ಸನ್ನಿಧಿಯಲ್ಲಿ ತಾಳಿ ಕಟ್ಟಿ ಮರುದಿನವೇ ಬೆಂಗಳೂರಿಗೆ ಮರಳಿದ ದಂಪತಿಗಳು, ಹತ್ತು ವರ್ಷಗಳ ಅನಂತರ ಬೇರೆಯಾಗಬೇಕೆಂದರೆ, ಮದುವೆಯಾದ ಸ್ಥಳವೆಂಬ ಒಂದೇ ಆಧಾರದ ಮೇಲೆ ಹೊಸಪೇಟೆಯ ನ್ಯಾಯಾಲಯದ ಮುಂದೆ ನಿಲ್ಲಬಹುದು.

ಅಮೆರಿಕದಲ್ಲಿ ನೆಲೆಸಿದ ನಮ್ಮವರು ಇಂಥ ದಾಖಲೆಗಳ ಬಗೆಗೆ ಬೇರೊಂದು ಕಲ್ಪನೆಯನ್ನಿಟ್ಟುಕೊಂಡು ಬರುತ್ತಾರೆ. ಅಲ್ಲಿನ ಅನೇಕ ರಾಜ್ಯಗಳಲ್ಲಿ ಕೌಂಟಿ ಎಂಬ ಸ್ಥಳೀಯ ಘಟಕದ ನ್ಯಾಯಾಲಯದ ಗುಮಾಸ್ತರ ಬಳಿ, ಗೋಪ್ಯವೆಂದು ಮೊಹರು ಬೀಳದ ವಿಚ್ಛೇದನದ ದಾಖಲೆಯನ್ನು ಯಾರು ಬೇಕಾದರೂ ಹೆಸರು ಹೇಳಿ ಹುಡುಕಿಸಬಹುದು, ಶುಲ್ಕ ತೆತ್ತು ನಕಲು ಪಡೆಯಬಹುದು. ನ್ಯಾಯಾಲಯದ ಕಾರ್ಯವೆಲ್ಲವೂ ಪ್ರಜೆಗಳ ಕಣ್ಣೆದುರಿಗೆ ನಡೆಯಬೇಕೆಂಬುದು ಅಲ್ಲಿಯ ತತ್ತ್ವ. ನಮ್ಮಲ್ಲಿ 22ನೆಯ ಕಲಮು ಇದಕ್ಕೆ ತದ್ವಿರುದ್ಧವಾಗಿದೆ. ವಿಚಾರಣೆಯು ಮುಚ್ಚಿದ ಬಾಗಿಲೊಳಗೆ ನಡೆಯತಕ್ಕದ್ದು. ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳ ತೀರ್ಪುಗಳನ್ನು ಅವುಗಳ ಪೂರ್ವಾನುಮತಿಯಿಂದ ಪ್ರಕಟಿಸುವುದರ ಹೊರತು, ಆ ವ್ಯವಹರಣೆಗೆ ಸಂಬಂಧಿಸಿದ ಯಾವುದನ್ನೂ ಮುದ್ರಿಸುವುದಾಗಲಿ ಪ್ರಕಟಿಸುವುದಾಗಲಿ ದಂಡನೀಯ. ಕೇಸಿಗೆ ಪಕ್ಷಗಾರರಲ್ಲದವರು ನಕಲು ಬೇಕೆಂದರೆ ಏತಕ್ಕೆಂದು ಪ್ರಮಾಣಪತ್ರದಲ್ಲಿ ಬರೆದುಕೊಟ್ಟು ನ್ಯಾಯಾಧೀಶರ ಅನುಮತಿಯನ್ನು ಪಡೆಯಬೇಕು. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಈ ತಡೆಯನ್ನು ದಾಟೋಣವೆಂದರೆ ಅದಕ್ಕೂ ಎಡೆಯಿಲ್ಲ; ನ್ಯಾಯಾಲಯದ ಕಡತಗಳ ನಕಲನ್ನು ನ್ಯಾಯಾಲಯದ ನಿಯಮಗಳ ಪ್ರಕಾರವೇ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚಿನಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ತೀರ್ಮಾನಿಸಿದೆ.

ನನ್ನ ಮಟ್ಟಿಗೆ ನಮ್ಮ ದೇಶದ ಈ ಸಂಕೋಚವೇ ಮೇಲೆನಿಸುತ್ತದೆ. ಪಾರದರ್ಶಕತೆಯನ್ನು ಪೂಜಿಸುವ ಈ ಕಾಲದಲ್ಲಿ ಇದನ್ನು ಹೇಳಲು ಕೊಂಚ ಧೈರ್ಯ ಬೇಕು. ಗಂಡನು ನಪುಂಸಕನೆಂದೋ ಹೆಂಡತಿಯು ವ್ಯಭಿಚಾರಿಣಿಯೆಂದೋ ಮನೋವಿಕಾರವುಳ್ಳವಳೆಂದೋ ಅರ್ಜಿಯಲ್ಲಿ ಬರೆದುದು ರುಜುವಾತಾಗದೆ ಬಿದ್ದುಹೋಗಬಹುದು. ಆದರೆ ಒಮ್ಮೆ ಸಂತೆಯಲ್ಲಿ ಹರಡಿದ ಮೇಲೆ ಕಂಪ್ಲಿಯಂಥ ಊರಿನಲ್ಲಿ ಅದನ್ನು ಹಿಂದಕ್ಕೆ ಕರೆಯುವ ನ್ಯಾಯಾಧೀಶರು ಯಾರೂ ಇಲ್ಲ. ಮರುಸಂಬಂಧಕ್ಕೆ ಹೊರಟ ವರನ ಮನೆಯವರಿಗೆ ಹೆಣ್ಣಿನ ಹಿಂದಿನ ಮದುವೆ ವಿಧಿವತ್ತಾಗಿ ಮುಗಿದಿದೆಯೇ ಎಂದು ತಿಳಿಯುವ ನ್ಯಾಯವಾದ ಅಗತ್ಯವಿರುತ್ತದೆ, ನಿಜ. ಅವರು ಅವಳನ್ನೇ ಕೇಳಲಿ. ಅವಳು ಡಿಕ್ರಿಯನ್ನು ತೋರಿಸಲಿ. ಮೇಲ್ಮನವಿಯ ಅವಧಿ ಕಳೆದಿದೆಯೇ ಎಂದು 15ನೆಯ ಕಲಮಿನ ಪ್ರಕಾರ ನೋಡಿಕೊಳ್ಳಲಿ. ತೀರ್ಪಿನ ಇಪ್ಪತ್ತು ಪುಟಗಳ ಕೆಸರನ್ನು ಅವರ ಅಂಗಳದಲ್ಲಿ ಸುರಿಯಬೇಕಾದ ಪ್ರಮೇಯವೇನಿದೆ? ತೋರಿಸತಕ್ಕದ್ದು ಡಿಕ್ರಿ, ಒಳಗಿಟ್ಟುಕೊಳ್ಳತಕ್ಕದ್ದು ತೀರ್ಪು, ಎಂಬ ಈ ವ್ಯವಹಾರಜ್ಞಾನವನ್ನು ಹೆಣ್ಣುಮಕ್ಕಳಿಗೆ ಯಾರಾದರೂ ಮೊದಲೇ ಹೇಳಿಕೊಟ್ಟಿದ್ದರೆ ಎಷ್ಟೋ ಸಂಬಂಧಗಳು ಮಾತುಕತೆಯ ಹಂತದಲ್ಲಿ ಮುರಿಯುತ್ತಿರಲಿಲ್ಲ. ಆದರೆ ಹೊರಗಿನವರಿಗೆ ಬಾಗಿಲು ಮುಚ್ಚುವ ಶಾಸನವು ಒಳಗಿನವರಿಗೆ ಅದನ್ನು ತಾನಾಗಿಯೇ ತೆರೆಯಬೇಕು. ಬೇರೆ ಯಾರಿಗೂ ಸಿಗದ ಕಾಗದವು ಅವಳಿಗೂ ಸಿಗದೆ ಹೋದರೆ, ಆ ಗೋಪ್ಯತೆಯು ಯಾರ ರಕ್ಷಣೆಗೆಂದು ಹುಟ್ಟಿತೋ ಅವಳನ್ನೇ ಬಾಧಿಸಿದಂತಾಯಿತು.

ಇಲ್ಲಿಯವರೆಗೆ ಹೇಳಿದುದೆಲ್ಲವೂ ಡಿಕ್ರಿ ಎಂಬುದೊಂದು ಎಲ್ಲಿಯೋ ಇದ್ದೇ ಇದೆಯೆಂಬ ಭಾವನೆಯ ಮೇಲೆ ನಿಂತಿದೆ. ನಮ್ಮ ಸೀಮೆಯಲ್ಲಿ ಬಹು ಮಂದಿಗೆ ಅದು ಇಲ್ಲವೇ ಇಲ್ಲ. 29ನೆಯ ಕಲಮಿನ ಎರಡನೆಯ ಉಪಕಲಮು ರೂಢಿಯಿಂದ ಬಂದ ವಿಚ್ಛೇದನವನ್ನು ಹಾಗೆಯೇ ಉಳಿಸಿದೆ. ಹಿರಿಯರನ್ನು ಕೂಡಿಸಿ, ದೈವದವರ ಎದುರಿನಲ್ಲಿ ಸೋಡಚೀಟಿ ಬರೆಸಿ, ತಾಳಿಯನ್ನು ಹಿಂದಕ್ಕೆ ಕೊಟ್ಟು ಬೇರೆಯಾಗುವುದೂ, ಅನಂತರ ಕೂಡಿಕೆಯೆಂದೋ ಉಡಿಕೆಯೆಂದೋ ಕರೆಯುವ ವಿಧಾನದಿಂದ ಹೆಣ್ಣು ಇನ್ನೊಬ್ಬನ ಮನೆಯನ್ನು ಸೇರುವುದೂ ಈ ಭಾಗದ ಹಲವು ಸಮುದಾಯಗಳಲ್ಲಿ ಶಾಸನಕ್ಕಿಂತ ಎಷ್ಟೋ ಹಳೆಯದು. ಮೇಲ್ಜಾತಿಯ ಸುಧಾರಕರು ವಿಧವಾವಿವಾಹಕ್ಕಾಗಿ ಗ್ರಂಥಗಳನ್ನು ಶೋಧಿಸುತ್ತಿದ್ದಾಗ ಈ ಜನ ಅದನ್ನು ಸದ್ದಿಲ್ಲದೆ ನಡೆಸಿಕೊಂಡೇ ಬಂದಿದ್ದರು. ತೊಡಕು ಎಲ್ಲಿದೆಯೆಂದರೆ, ರೂಢಿಯುಂಟೆಂದು ಹೇಳುವವರು ಅದನ್ನು ನ್ಯಾಯಾಲಯದಲ್ಲಿ ಸ್ಪಷ್ಟವಾಗಿ ಪ್ರತಿಪಾದಿಸಿ ಸಿದ್ಧಪಡಿಸಬೇಕು. ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿಯೇ 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಒತ್ತಿ ಹೇಳಿತು. ರೂಢಿಯೇ ಇಲ್ಲದ ಕುಲದವರು ಸ್ಟಾಂಪು ಕಾಗದದ ಮೇಲೆ ಬರೆಸಿ ನೋಟರಿಯವರ ಮುದ್ರೆ ಒತ್ತಿಸಿಕೊಂಡ ಬಿಡುಗಡೆ ಪತ್ರಕ್ಕೆ ವಿವಾಹವನ್ನು ಮುರಿಯುವ ಶಕ್ತಿಯೇ ಇಲ್ಲ. ಅದನ್ನು ನಂಬಿ ಮರುಮದುವೆಯಾದ ಹೆಣ್ಣು ಹೊಸ ಗಂಡನ ಮರಣಾನಂತರ ಭವಿಷ್ಯನಿಧಿಯ ಕಚೇರಿಯ ಮುಂದೆ ನಿಂತಾಗ ಮಾತ್ರ ತಾನು ಯಾರ ಹೆಂಡತಿಯೂ ಆಗಿರಲಿಲ್ಲವೆಂಬುದನ್ನು, ಅಥವಾ ಎಂದೋ ಬಿಟ್ಟವನ ಹೆಂಡತಿಯಾಗಿಯೇ ಉಳಿದಿರುವುದನ್ನು ತಿಳಿಯುತ್ತಾಳೆ.

ವಾಲ್ಮೀಕಿ ನಾಯಕರ ಸ್ಥಿತಿ ಇನ್ನೂ ವಿಲಕ್ಷಣವಾದುದು. ಸಂಡೂರು, ಕಂಪ್ಲಿ ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿರುವುದೇ ಈ ಸಮುದಾಯದ ಸಂಖ್ಯಾಬಲವನ್ನು ಸಾರುತ್ತದೆ. ಹಿಂದೂ ವಿವಾಹ ಅಧಿನಿಯಮವು ವೀರಶೈವರನ್ನೂ ಲಿಂಗಾಯತರನ್ನೂ ಹೆಸರು ಹಿಡಿದು ಒಳಗೆ ಕರೆದುಕೊಂಡಿದೆ; ಆದರೆ ಪರಿಶಿಷ್ಟ ಪಂಗಡದವರಿಗೆ ಕೇಂದ್ರ ಸರ್ಕಾರವು ಅಧಿಸೂಚನೆ ಹೊರಡಿಸಿದ ಹೊರತು ಅನ್ವಯಿಸದೆಂದು ಅದರ ಎರಡನೆಯ ಕಲಮಿನಲ್ಲಿಯೇ ಹೇಳಿದೆ. ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳು ಕರ್ನಾಟಕದ ಪಂಗಡಗಳ ಪಟ್ಟಿಗೆ ಸೇರಿದ್ದು 1991ರಲ್ಲಿ. ಮೀಸಲಾತಿಯ ಬಾಗಿಲು ತೆರೆದ ಆ ತಿದ್ದುಪಡಿಯೇ ವಿಚ್ಛೇದನದ ನ್ಯಾಯಾಲಯದ ಬಾಗಿಲನ್ನು ಅವರಿಗೆ ಅರ್ಧ ಮುಚ್ಚಿತೆಂಬುದನ್ನು ಆಗ ಯಾರೂ ಎಣಿಸಿರಲಾರರು. ಆಚರಣೆಯಲ್ಲಿ ಹಿಂದೂಗಳಾಗಿಯೇ ಬಾಳುವ ಪಂಗಡದವರಿಗೆ ಅಧಿನಿಯಮವು ಸಲ್ಲಬಹುದೆಂಬ ತೀರ್ಪುಗಳೂ ಇಲ್ಲದಿಲ್ಲ. ಆದರೆ ಎದುರು ಪಕ್ಷದವನು ಈ ತಕರಾರನ್ನು ಎತ್ತಿದನೆಂದರೆ ವರ್ಷಗಳು ಅದರಲ್ಲಿಯೇ ಕಳೆಯುತ್ತವೆ. ಹೀಗಾಗಿ ಪಂಚಾಯಿತಿಯ ಕಟ್ಟೆಯ ಮೇಲೆ ಆದ ತೀರ್ಮಾನವೇ ಕಡೆಯದಾಗುತ್ತದೆ, ಅದಕ್ಕೆ ದಾಖಲೆ ಎಂಬುದೇ ಇರುವುದಿಲ್ಲ.

ಇದೇ ನೆಲದಲ್ಲಿ ವಿಜಯನಗರದ ಅರಸರು ಮದುವೆಯ ಮೇಲೆ ಸುಂಕವನ್ನು ಎತ್ತುತ್ತಿದ್ದರು; ಆ ಸುಂಕವನ್ನು ಮನ್ನಾ ಮಾಡಿದುದನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಕೂಡಿದುದಕ್ಕೆ ಲೆಕ್ಕವಿಟ್ಟ ಪ್ರಭುತ್ವವು ಅಗಲಿದುದಕ್ಕೂ ಲೆಕ್ಕವಿಟ್ಟಿತ್ತೇ ಎಂಬ ಕುತೂಹಲ ನನಗುಂಟು. ಇಂದಿನ ಪ್ರಭುತ್ವವಂತೂ ಇಟ್ಟಿಲ್ಲ. ರೂಢಿಯಂತೆ ಆದ ಮದುವೆಯನ್ನು ಉಪನೋಂದಣಾಧಿಕಾರಿಗಳು ನೋಂದಾಯಿಸಿಕೊಳ್ಳುತ್ತಾರೆ; ಅದೇ ರೂಢಿಯಂತೆ ಆದ ಬಿಡುಗಡೆಯನ್ನು ವಿವಾಹದ ಆ ವಹಿಯಲ್ಲಿ ಬರೆದುಕೊಳ್ಳುವ ಏರ್ಪಾಡು ಇಲ್ಲ.

ನ್ಯಾಯಾಲಯಗಳು ಮಾಡಬೇಕಾದುದು ಅಲ್ಪ, ಅದಕ್ಕೆ ಹೊಸ ಶಾಸನವೂ ಬೇಕಿಲ್ಲ: 23ನೆಯ ಕಲಮಿನ ಆ ಉಪಕಲಮನ್ನು ನಕಲು ವಿಭಾಗದ ಕಿಟಕಿಯ ಪಕ್ಕದಲ್ಲಿ ಕನ್ನಡದಲ್ಲಿ ಬರೆಸಿ ಹಾಕುವುದು, ಡಿಕ್ರಿ ಸಿದ್ಧವಾದೊಡನೆ ಇಬ್ಬರ ವಿಳಾಸಕ್ಕೂ ಅಂಚೆಯಲ್ಲಿ ಕಳುಹಿಸುವುದು, ಅದು ಇಂಗ್ಲಿಷಿನಲ್ಲಿದ್ದರೆ ಕನ್ನಡದ ಪ್ರತಿಯೊಂದನ್ನು ಜೊತೆಗಿಡುವುದು. ಹಳೆಯ ಡಿಕ್ರಿಯನ್ನು ಕಳೆದುಕೊಂಡ ಹೆಣ್ಣುಮಕ್ಕಳು ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ನೆರವನ್ನು ಕೇಳಬಹುದು. 1987ರ ಅಧಿನಿಯಮದ ಮೇರೆಗೆ ಸ್ತ್ರೀಯರಿಗೆ ಆದಾಯದ ಮಿತಿಯಿಲ್ಲದೆ ಆ ಸೇವೆಯು ಉಚಿತ, 15100 ಎಂಬ ದೂರವಾಣಿಯಲ್ಲಿಯೂ ವಿಚಾರಿಸಬಹುದು. ಆದರೆ ರೂಢಿಯ ಬಿಡುಗಡೆಗಳಿಗೆ ದಾಖಲೆಯನ್ನು ಒದಗಿಸತಕ್ಕದ್ದು ವಿಧಾನಸಭೆಯ ಕೆಲಸ. ವಿವಾಹ ಮತ್ತು ವಿಚ್ಛೇದನಗಳು ಸಂವಿಧಾನದ ಸಮವರ್ತಿ ಪಟ್ಟಿಯ ಐದನೆಯ ನಮೂದಿನಲ್ಲಿವೆ. ರಾಜ್ಯವು ಮನಸ್ಸು ಮಾಡಿದರೆ ಈ ಬಗೆಗೆ ಶಾಸನ ಮಾಡಬಹುದು. ಉಭಯರೂ ಹಾಜರಾಗಿ, ತಮ್ಮ ಕುಲದ ರೂಢಿಯನ್ನು ಹೇಳಿ, ಹೆಣ್ಣು ಯಾರ ಬಲಾತ್ಕಾರವೂ ಇಲ್ಲದೆ ಒಪ್ಪಿದ್ದಾಳೆಂದು ನ್ಯಾಯಾಧಿಕಾರಿಯೊಬ್ಬರು ಅವಳನ್ನು ಪ್ರತ್ಯೇಕವಾಗಿ ವಿಚಾರಿಸಿ ತಿಳಿದ ಮೇಲೆ, ಆ ಬಿಡುಗಡೆಯನ್ನು ವಹಿಯಲ್ಲಿ ಬರೆದು ಮುದ್ರೆಯೊತ್ತಿದ ಪ್ರತಿಯನ್ನು ಅಲ್ಲಿಯೇ ಇಬ್ಬರ ಕೈಗೂ ಕೊಡುವ ಒಂದು ಮಸೂದೆಯನ್ನು, ಸಂಡೂರು ಕಂಪ್ಲಿಗಳಿಂದ ಆಯ್ಕೆಯಾಗಿ ಹೋಗುವ ಶಾಸಕರು ಪಕ್ಷಭೇದವನ್ನು ಮರೆತು ಮುಂದಿನ ಅಧಿವೇಶನದಲ್ಲಿ ಮಂಡಿಸಲಿ.